ಮೀನು ತಿಂದ ದ್ರಾಕ್ಷಿಬಳ್ಳಿ

ಇನ್ನು ಜನ್ಮದಲ್ಲಿ ಪೆಡಲ್ ಮುಟ್ಟುವುದಿಲ್ಲ ಎಂದು ಸೈಕಲ್ಲನ್ನು ಗುಜರಿಗೆ ಹಾಕಿದವನು ನಾನು. ಹರೆಯದಲ್ಲಿ ಅದರ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಒತ್ತುತ್ತ, ಹೊನ್ನಾವರದ ಬಂದರಿನಿಂದ ಒಳಊರುಗಳ ಏರುಗಳನ್ನೆಲ್ಲ ಹತ್ತಿ ಇಳಿದಿದ್ದೆ. ಆಮೇಲೆ ಹಳೆಯ ಬಲೆ, ಹಗ್ಗಗಳ ವ್ಯಾಪಾರಕ್ಕೆ ಕೈಹಾಕಿ, ನಾಲ್ಕು ಜನ ‘ಬನ್ನಿ, ಕೂತ್ಕಳಿ’ ಅನ್ನುವ ಮಟ್ಟಕ್ಕೆ ಬಂದೆ. ಅಂಥವನು ಐವತ್ತು ದಾಟಿದ ಮೇಲೆ ಬೆನ್ನಿಗೆ ಚೀಲ ಏರಿಸಿ, ಬಾಡಿಗೆ ಕೊಟ್ಟು ಸೈಕಲ್ ತುಳಿಯಲು ನಾಸಿಕ್‌ವರೆಗೆ ಹೋದೆನೆಂದರೆ ಅದಕ್ಕೆ ಕಾರಣ ಒಂದು ದ್ರಾಕ್ಷಿಬಳ್ಳಿ. ಅದೂ ನನ್ನದಲ್ಲ.

ಬಳ್ಳಿ ಇದ್ದದ್ದು ಕುಮಟೆಯ ಹತ್ತಿರ ಬಾಡ ಎಂಬ ಊರಿನಲ್ಲಿ, ನನ್ನ ಗೆಳೆಯನ ಅಂಗಳದಲ್ಲಿ. ಗೆಳೆಯ ಶಾಲೆಯೊಂದರ ಗುಮಾಸ್ತ. ಅವನ ಹೆಂಡತಿ ಮೀನು ಒಣಗಿಸಿ ಕುಮಟೆಯ ಸಂತೆಯಲ್ಲಿ ಮಾರುವವಳು; ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ಕರಾವಳಿಯಲ್ಲಿ ಯಾರಾದರೂ ಇದ್ದರೆ ಅದು ಆಕೆ ಒಬ್ಬಳೇ. ಎಲ್ಲಿಂದಲೋ ತಂದ ಕಡ್ಡಿಯೊಂದನ್ನು ಅವನು ಅಂಗಳದಲ್ಲಿ ನೆಟ್ಟಿದ್ದ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದು ಚಪ್ಪರ ಮುಚ್ಚಿ, ಮನೆಯ ಮಾಡಿಗೂ ಹಬ್ಬಿ, ಮೀನು ಒಣಗಿಸುವ ಜಾಗದ ಬಿಸಿಲನ್ನೆಲ್ಲ ನುಂಗಿಬಿಟ್ಟಿತು. ಎಲೆಗಳು ಕೆಸುವಿನ ಎಲೆಯೇ ಎನ್ನುವಷ್ಟು ಸೊಂಪು. ಕಾಯಿ ಮಾತ್ರ ಒಂದೂ ಇಲ್ಲ.

ಗೆಳೆಯನಿಗೆ ಆ ಬಳ್ಳಿಯೆಂದರೆ ಪ್ರಾಣ. ಸಂಜೆ ಶಾಲೆಯಿಂದ ಬಂದವನು ಚಹಾ ಕುಡಿಯುವ ಮೊದಲು ಅದರ ಕುಡಿಗಳನ್ನು ಒಂದೊಂದಾಗಿ ತಂತಿಗೆ ಸುತ್ತಿಸುತ್ತಿದ್ದ. ಒಣಗಿದ ಎಲೆ ಕೀಳಲೂ ಯಾರನ್ನೂ ಬಿಡುತ್ತಿರಲಿಲ್ಲ.

“ದೀಪಾವಳಿವರೆಗೆ ನೋಡ್ತೆ,” ಎಂದಳು ಹೆಂಡತಿ ಒಂದು ದಿನ, ನನ್ನೆದುರಿಗೇ. “ಅಷ್ಟ್ರೊಳಗೆ ಇದ್ಕೊಂದು ದಾರಿ ಆಗ್ದಿದ್ರೆ ಬುಡಕ್ಕೇ ಕತ್ತಿ. ಮೀನು ಒಣಗೂಕೆ ಬಿಸಿಲು ಬೇಕು. ಇವ್ರ ಪ್ರೀತಿಯಲ್ಲಿ ಒಣಗೂದಿಲ್ಲ ಅದು.”

ನಾನು ಸುಮ್ಮನಿರಬಹುದಿತ್ತು. ಆದರೆ ಯಾರಾದರೂ ಕಷ್ಟ ಹೇಳಿಕೊಂಡಾಗ ಸಲಹೆ ಕೊಡದೆ ಎದ್ದುಹೋದರೆ ನನಗೆ ಊಟ ಸೇರುವುದಿಲ್ಲ. ಬಳ್ಳಿಗೆ ಗೊಬ್ಬರ ಹೇಳಿದವನೂ ನಾನೇ. ತೆಂಗಿಗೆ ನಾವು ತಾರ್ಲೆ ಮೀನು ಹಾಕುವುದಿಲ್ಲವೇ, ಕಾಯಿ ಜಗ್ಗುವುದಿಲ್ಲವೇ? ಹಾಗಾಗಿ ಬಂದರಿನಲ್ಲಿ ಉಳಿದ ತಾರ್ಲೆಯನ್ನು ಬುಟ್ಟಿಗಟ್ಟಲೆ ಕಳಿಸುತ್ತಿದ್ದೆ. ಫಲ ಕಾಣದಿದ್ದಾಗ ಬುಟ್ಟಿ ದೊಡ್ಡದು ಮಾಡಿದೆ.

ನಮ್ಮಿಬ್ಬರಿಗೂ ಬೇಕಾದ ಮೂರನೆಯವನೊಬ್ಬ ಭಟ್ಕಳದಲ್ಲಿದ್ದಾನೆ. ಬಟ್ಟೆ ಅಂಗಡಿಯವನು, ನೆರೆಯವರ ಉರ್ದು ಕೇಳಿ ಬೆಳೆದವನಾದ್ದರಿಂದ ಹಿಂದಿ ನೀರು ಕುಡಿದಷ್ಟು ಸಲೀಸು. ಬೆನ್ನಿಗೆ ಚೀಲ ಹಾಕಿಕೊಂಡು ದ್ರಾಕ್ಷಿತೋಟಗಳ ನಡುವೆ ಸೈಕಲ್ ತುಳಿಯುವ ಜನರ ವಿಡಿಯೋ ತೋರಿಸಿದವನು ಅವನು. “ಇಲ್ಲಿ ಕೂತು ತಲೆ ಕೆರ್ಕಂಬೂದೆಂತಕ್ಕೆ? ಬೆಳೆಯೋರ್ನೇ ಕೇಳ್ಕಂಡು ಬಪ್ಪ. ತಿರುಗಾಟವೂ ಆತು.”

ಏರ್ಪಾಡು ನಾನೇ ವಹಿಸಿಕೊಂಡೆ. ದಸರೆ ಮುಗಿದದ್ದೇ ಮೂವರೂ ನಾಸಿಕ್‌ಗೆ ಹೊರಟೆವು. ತೋಟದ ಪಕ್ಕದ ಕೋಣೆಯ ಬಾಡಿಗೆಯನ್ನು ಮೊದಲೇ ಫೋನಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದ್ದೆ; ಆ ಕಡೆಯವನು ತಟ್ಟನೆ ಒಪ್ಪಿದ್ದ. ಓದುಗರಿಗೆ ಒಂದು ಮಾತು: ಚೌಕಾಸಿಯಲ್ಲಿ ಎದುರಿನವನು ತಟ್ಟನೆ ಒಪ್ಪಿದರೆ ಅಲ್ಲೇ ನಿಂತು ಯೋಚಿಸಿ. ನಾನು ಈ ಮಾತನ್ನು ಎಲ್ಲರಿಗೂ ಹೇಳುತ್ತೇನೆ.

ಸೈಕಲ್ಲಿನಲ್ಲೂ ಅದೇ ಆಯಿತು. ನಮ್ಮ ಬಂದರಿನಲ್ಲಿ ಮೀನನ್ನು ರಾಶಿ ಹಾಕಿ ಸವಾಲು ಕೂಗುತ್ತಾರೆ. ಒಂದೊಂದನ್ನು ಎತ್ತಿ ಮೂಸಿ ಆರಿಸುವಂತಿಲ್ಲ. ಮೇಲಿನದನ್ನು ನೋಡಿ ಇಡೀ ರಾಶಿಗೆ ದರ ಹೇಳಬೇಕು. ಬಾಡಿಗೆಯವನು ಮುಂದೆ ನಿಲ್ಲಿಸಿದ್ದ ಹೊಳೆಯುವ ಸೈಕಲ್ಲನ್ನು ನೋಡಿ, ಹಿಂದಿನೆರಡನ್ನೂ ಸೇರಿಸಿ ಮೂರಕ್ಕೂ ಒಂದೇ ಮಾತು ಎಂದು ಬೆರಳೆತ್ತಿದೆ. ಆತ ಮರುಮಾತಿಲ್ಲದೆ ಕೈ ಕುಲುಕಿದ. ಎರಡನೆಯದರ ಸೀಟು ಕೂತವನು ವಾಲಿದತ್ತ ತಿರುಗುತ್ತಿತ್ತು. ಮೂರನೆಯದಕ್ಕೆ ಬ್ರೇಕಿರಲಿಲ್ಲ. ಹೊಳೆಯುವುದನ್ನು ಭಟ್ಕಳದವನು ಏರಿ ಆಗಲೇ ಹೊರಟಿದ್ದ. ನಾನು ರಾಶಿ ಹಿಡಿದವನು. ನ್ಯಾಯವಾಗಿ ಅಡಿಯಲ್ಲಿದ್ದ ಮೀನೇ ನನ್ನ ಪಾಲಿಗೆ ಬಂತು. ಇಳಿಜಾರಿನಲ್ಲೆಲ್ಲ ಎರಡೂ ಕಾಲುಗಳನ್ನು ನೆಲಕ್ಕೆ ಉಜ್ಜುತ್ತ ಹೋದೆ. ಹೊಸ ಚಪ್ಪಲಿಯ ಅಟ್ಟೆ ಆ ಊರಿನ ರಸ್ತೆಗೇ ಅರ್ಪಣೆಯಾಯಿತು.

ಮೊದಲ ತೋಟದಲ್ಲಿ ವೈನ್ ರುಚಿ ತೋರಿಸುವ ಕೋಣೆ. ಗಾಜಿನ ಲೋಟದ ತಳ ಒದ್ದೆಯಾಗುವಷ್ಟು ಸುರಿದು, ಮೊದಲು ಮೂಸಿ ನೋಡಿ, ಎಂಥ ಪರಿಮಳ ಬರುತ್ತದೆ ಹೇಳಿ ಎಂದರು. ಇಷ್ಟಕ್ಕೆ ಕೊಸರು ಇಲ್ಲವೇ ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಕುಡಿಯುವ ಅಭ್ಯಾಸವೇ ಇಲ್ಲದ ಭಟ್ಕಳದವನು ಮೂಗು ಅಗಲಿಸಿ, “ಸಿಗಡಿ,” ಎಂದ. ಸುಳ್ಳಲ್ಲ. ಹೊರಗೆ ತಿಂಡಿಗೆ ದಂಡ ತೆರಬಾರದೆಂದು ನನ್ನ ಬೆನ್ನಚೀಲದಲ್ಲಿ ತುಂಬಿಕೊಂಡಿದ್ದ ಒಣಸಿಗಡಿ ಚಟ್ನಿಯ ಡಬ್ಬಿಯ ಮುಚ್ಚಳ ಕಳಚಿತ್ತು. ಪಕ್ಕದ ಮೇಜಿನ ಜೋಡಿ ಎದ್ದು ಕಿಟಕಿಯ ಬಳಿಗೆ ಹೋಯಿತು.

ಹೊರಗೆ ಬಂದು ತೋಟ ನೋಡಿದೆವು. ಕಣ್ಣು ಹಾಯುವವರೆಗೆ ಕಂಬ, ತಂತಿ, ಮೊಂಡು ಕಡ್ಡಿಗಳು. ಎಲೆಯಿಲ್ಲ, ಗೊಂಚಲಿಲ್ಲ. ಕೋಣೆ ಅಷ್ಟು ಸಸ್ತಾ ಸಿಕ್ಕಿದ್ದು ಏಕೆಂದು ಆಗ ತಿಳಿಯಿತು.

“ಎಲ್ಲಾ ಕಡ್ದು ಹಾಕಿದ್ದಾರಲ್ಲ,” ಎಂದ ಕುಮಟೆಯವನು, ಸಾವಿನ ಮನೆಯ ದನಿಯಲ್ಲಿ.

ಸಾಲುಗಳ ನಡುವೆ ಟೊಪ್ಪಿ ಹಾಕಿದ ಹೆಂಗಸೊಬ್ಬರು ಕೆಲಸ ನೋಡಿಕೊಳ್ಳುತ್ತಿದ್ದರು. ಭಟ್ಕಳದವನು ಅವರಿಗೆ ನಮ್ಮ ಬಳ್ಳಿಯ ಕಥೆ ಹೇಳಿ, ನನ್ನತ್ತ ತಿರುಗಿದ. “ಬುಡಕ್ಕೆ ಎಂತ ಹಾಕ್ತೀರಿ ಕೇಳ್ತಾರೆ.”

“ತಾರ್ಲೆ. ವಾರಕ್ಕೊಂದ್ ಬುಟ್ಟಿ,” ಎಂದೆ ಎದೆಯುಬ್ಬಿಸಿ.

ಅವನು ಅದನ್ನು ಎರಡು ಸಲ ಹೇಳಬೇಕಾಯಿತು. ಆಕೆ ಟೊಪ್ಪಿ ತೆಗೆದು, ನಕ್ಕು, ಕಣ್ಣೊರೆಸಿಕೊಂಡು ಏನೋ ಹೇಳಿದರು.

“ಹೊಟ್ಟೆ ತುಂಬಿದ ಬಳ್ಳಿ ಬರೀ ಎಲೆ ಬಿಡ್ತಾ ಇರ್ತದಂತೆ. ಊಟ ನಿಲ್ಸಿ, ಮಳೆ ಮುಗಿದದ್ದೇ ಹೀಂಗೆ ಮೊಂಡಾಗಿ ಕಡೀಬೇಕಂತೆ. ಹೊಸ ಚಿಗುರಲ್ಲೇ ಕಾಯಿ ಅಂತೆ.”

ಕುಮಟೆಯವನು ನನ್ನ ಹೆಗಲ ಮೇಲೆ ಕೈಯಿಟ್ಟ. “ಇಷ್ಟು ವರ್ಷ ನಿನ್ ಸಲಹೆ ತಿಂದು ನಾನೂ ಬರೀ ಎಲೆ ಬಿಟ್ಟೆ ಕಾಣು, ಮಾರಾಯ.”

ಹಿಂತಿರುಗುವ ರೈಲಿನಲ್ಲಿ ಅವನಿಗೆ ಅದೊಂದೇ ಯೋಚನೆ. ಒಂದೇ ಕವಲು ಕಡಿದರೆ ಸಾಲದೇ? ಮುಂದಿನ ವರ್ಷ ಕಡಿದರಾಗದೇ? ಕಡಿಯದಿದ್ದರೆ ಹೆಂಡತಿ ಬುಡಕ್ಕೇ ಕತ್ತಿ ಹಾಕುತ್ತಾಳೆ. ಕಡಿಯಲು ಅವನಿಗೆ ಕೈ ಬಾರದು. ಈ ಸಲ ನಾನು ಸಲಹೆ ಕೊಡಲಿಲ್ಲ. ಕೇಳಲೂ ಇಲ್ಲ ಅವನು.

ಬಾಡದ ಮನೆಯಲ್ಲಿ ಚೀಲ ಇಳಿಸುವ ಮೊದಲೇ ಆಕೆ ಕೇಳಿದಳು, “ಎಂತ ಹೇಳಿದ್ರು?”

ಗೆಳೆಯ ಬಾವಿಕಟ್ಟೆಯತ್ತ ನಡೆದ. ಭಟ್ಕಳದವನು ಹೇಳಿದ, “ಕಡೀಬೇಕಂತೆ, ಅತ್ತಿಗೆ.”

“ಇದ್ನ ಕೇಳೂಕೆ ಅಲ್ಲೀವರೆಗೆ ಹೋಗ್ಬೇಕಿತ್ತಾ? ನಾ ಇಲ್ಲೇ ಹೇಳ್ತಿದ್ದೆ.” ಒಳಗೆ ಹೋಗಿ ಕತ್ತಿ ತಂದಳು. ಬುಡ ಎಷ್ಟು ಬಿಡಬೇಕೆಂದು ಕೇಳಿ, ಭಟ್ಕಳದವನ ಮೊಬೈಲಿನ ಫೋಟೋ ನೋಡಿಕೊಂಡು, ಮೀನು ಕೊಯ್ಯುವ ಚುರುಕಿನಲ್ಲೇ ಸವರಿದಳು. ಗೆಳೆಯ ಬಾವಿಕಟ್ಟೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದ. ಸಂಜೆಯ ಹೊತ್ತಿಗೆ ಅಂಗಳದ ತುಂಬ ಬಿಸಿಲು.

ಶಿವರಾತ್ರಿ ಕಳೆದ ಮೇಲೆ ಫೋನ್ ಬಂತು. ಭಟ್ಕಳದವನೂ ನಾನೂ ಹೋಗಿ ನೋಡಿದರೆ ಅಚ್ಚುಕಟ್ಟಾದ ಪುಟ್ಟ ಚಪ್ಪರ, ಅದರಿಂದ ತೂಗುವ ಹಸಿರು ಗೊಂಚಲುಗಳು. ಗೆಳೆಯ ಅವುಗಳ ಕೆಳಗೆ ಮದುಮಗನಂತೆ ನಿಂತಿದ್ದ. ಒಂದು ಕಾಯಿ ಬಾಯಿಗೆ ಹಾಕಿಕೊಂಡೆ. ಕಿವಿಯವರೆಗೆ ಹುಳಿ. ಅವನ ಮುಖ ನೋಡಿ, ಇನ್ನೂ ಹಣ್ಣಾಗಬೇಕು ಎಂದೆ. ಅದು ಹಣ್ಣಾಗುವಷ್ಟು ಆಗಿಬಿಟ್ಟಿದೆ ಎಂದು ಮೂವರಿಗೂ ಗೊತ್ತಿತ್ತು. ಅವನು ಅಡುಗೆಮನೆಯತ್ತ ಕಳ್ಳನೋಟ ಹಾಯಿಸಿದ. ಹುಳಿ ದ್ರಾಕ್ಷಿಗೆ ಅಂಗಳದಲ್ಲಿ ಜಾಗ ಸಿಗುತ್ತದೋ ಇಲ್ಲವೋ.

ಊಟಕ್ಕೆ ಬಂಗಡೆ ಸಾರು. ಹುಳಿ ಹದವಾಗಿತ್ತು, ಆದರೆ ಎಂದಿನ ಮುರುಗಲಿನದಲ್ಲ.

“ಮುರುಗಲು ಖಾಲಿ ಆಗಿತ್ತು. ಎರಡು ಗೊಂಚಲು ಜಜ್ಜಿ ಹಾಕ್ದೆ,” ಎಂದಳು ಆಕೆ. “ಪರವಾಗಿಲ್ಲ. ಇರ್ಲಿ ಬಳ್ಳಿ.”

ಗೆಳೆಯ ಇನ್ನಷ್ಟು ಅನ್ನ ಬಡಿಸಿಕೊಂಡ.

ಹೊರಡುವಾಗ ನಮ್ಮ ಮನೆಗೂ ಒಂದು ಗೊಂಚಲು ಕೇಳಿದೆ, ಸುತ್ತಾಟದ ಶ್ರಮಕ್ಕೆ ಕೊಸರೆಂದು. ಆಕೆ ಚಿಕ್ಕದೊಂದನ್ನು ಆರಿಸಿ, ಕೈಗೆ ಕೊಡದೆ ಹಿಡಿದುಕೊಂಡಳು. “ಬಾವಲಿ ಕಾಟ ಶುರುವಾಗಿದೆ, ಭಾವ. ನಿಮ್ಮಲ್ಲಿ ಹಳೇ ಬಲೆ ಬಿದ್ಕಂಡಿದ್ಯಲ್ಲ?”

“ಆತು, ಕಳಸ್ತೆ,” ಎಂದೆ, ತಟ್ಟನೆ.

ಮರುದಿನ ಚಪ್ಪರಕ್ಕೆ ಸಾಕಾಗುವಷ್ಟು ಬಲೆ ಕಳಿಸಿದೆ. ಒಳ್ಳೆಯದನ್ನೇ ಕಳಿಸಿದೆ. ಆ ಗೊಂಚಲು ನಮ್ಮ ಮನೆಯಲ್ಲಿ ಒಂದು ಹೊತ್ತಿನ ಸಾರಿಗೂ ಸಾಲಲಿಲ್ಲ.