ಡೀಸೆಲ್ ಕಾರಿಗೆ ಪೆಟ್ರೋಲ್

ಮಧುಗಿರಿ ಹೊರವಲಯದ ಪೆಟ್ರೋಲ್ ಬಂಕಿನಲ್ಲಿ ರಾಧಾಮಣಿ ಹಳಬಳು. ಹೊಸದಾಗಿ ಸೇರಿದ ಭವ್ಯಳಿಗೆ ಕೆಲಸ ಕಲಿಸಿದವಳೂ ಅವಳೇ. ಎಂಜಿನ್ ಆಫ್ ಮಾಡಿಸಬೇಕು, ಟ್ಯಾಂಕ್ ಮುಚ್ಚಳದ ಮೇಲಿನ ಅಕ್ಷರ ಓದದೆ ಪೈಪ್ ಇಳಿಸಬಾರದು ಎಂದೆಲ್ಲ ಒಡಹುಟ್ಟಿದ ತಂಗಿಗೆ ಹೇಳುವಂತೆ ಹೇಳಿಕೊಟ್ಟಿದ್ದಳು.

ಒಂದು ಬೆಳಿಗ್ಗೆ ಭವ್ಯ ಮಾತಿನ ಭರದಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿಬಿಟ್ಟಳು. ಅದನ್ನು ಕಂಡ ರಾಧಾಮಣಿ ಓಡಿಬಂದು ಕಾರಿಗೆ ಅಡ್ಡ ನಿಂತಳು.

"ಸಾರ್, ಕೀ ತಿರುಗಿಸ್ಬ್ಯಾಡಿ! ಈಗ ಟ್ಯಾಂಕ್ ಖಾಲಿ ಮಾಡ್ಸಿದ್ರೆ ಆಯ್ತು. ಸ್ಟಾರ್ಟ್ ಮಾಡಿದ್ರೆ ಪಂಪು, ಇಂಜೆಕ್ಟರು ಎಲ್ಲಾ ಕೆಟ್ಟೋಯ್ತವೆ."

ಮೆಕ್ಯಾನಿಕ್ ಬಂದು ಟ್ಯಾಂಕ್ ಬಸಿದ. ಕಾರು ಉಳಿಯಿತು.

ಸಂಜೆ ಮಾಲೀಕ ನಾಗಭೂಷಣ್ ಬಂದು, "ಯಾರ್ ಮಾಡಿದ್ದು?" ಎಂದ. ಭವ್ಯ ತಲೆ ತಗ್ಗಿಸಿ, "ಅಕ್ಕನೇ ಪೆಟ್ರೋಲ್ ಹಾಕು ಅಂದ್ರು ಸಾರ್" ಎಂದಳು.

ರಾಧಾಮಣಿ ಅವಳತ್ತ ತಿರುಗಿದಳು. "ಲೇ ಭವ್ಯ, ನನ್ ಮುಖ ನೋಡ್ಕಂಡು ಹೇಳು" ಎಂದಳು. ಭವ್ಯ ನೋಡಲಿಲ್ಲ.

"ತಪ್ಪು ನಿಂದಲ್ದಿದ್ರೆ ಯಾಕೆ ಓಡ್ಬಂದೆ?" ಎಂದು ಮಾಲೀಕ ರಾಧಾಮಣಿಯನ್ನೇ ಕೆಲಸದಿಂದ ತೆಗೆದ.

ಈಗ ಅವಳು ಕೊರಟಗೆರೆಯ ಬಂಕಿನಲ್ಲಿದ್ದಾಳೆ. ಮೊನ್ನೆ ಮನೆಯಲ್ಲಿದ್ದಾಗ ಭವ್ಯಳ ಫೋನ್ ಬಂತು. "ತಪ್ಪಾಯ್ತು ಅಕ್ಕಾ. ಕೆಲ್ಸ ಹೋಯ್ತದೆ ಅಂತ ಹೆದರ್ಕಂಬುಟ್ಟೆ."

"ಹೋಗಿದ್ದು ನಂದೂ ಕೆಲ್ಸಾನೇ ಕಣಮ್ಮ" ಎಂದು ರಾಧಾಮಣಿ ಫೋನ್ ಇಟ್ಟಳು.