ಪಟಾಕಿ ಮೇಡಂಗೆ ಆಗದ ಒಂದು ಪದ

ಆ ಸರ್ಕಾರಿ ಹೈಸ್ಕೂಲಿನ ಪಟಾಕಿ ಮೇಡಂ ಸಿಡಿಯುವುದಕ್ಕೆ ಬೆಂಕಿಕಡ್ಡಿ ಬೇಕಿರಲಿಲ್ಲ, ಒಂದೇ ಒಂದು ಪದ ಸಾಕಿತ್ತು: ‘ನಾವು’. ಅವರು ಕಲಿಸುವುದು ಇತಿಹಾಸ. ಆದರೆ ಹತ್ತನೇ ಕ್ಲಾಸಿನವರಿಗೆ ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ‘ಮುಂದೇನು’ ಅನ್ನುವ ಕ್ಲಾಸೂ ಅವರದೇ. ಯಾವ ಕಾಲೇಜು, ಯಾವ ಕೋರ್ಸು, ಯಾವ ಕೆಲಸ, ಇಂಟರ್‌ವ್ಯೂನಲ್ಲಿ ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು, ಎಲ್ಲಾ. ಮೇಜಿನ ಆಚೆ ತಾವೇ ಸಿಡುಕುಮೂತಿ ಸಾಹೇಬರಾಗಿ ಕೂತು ಒಬ್ಬೊಬ್ಬರನ್ನೇ ಕರೆದು ಗದರುತ್ತಿದ್ದರು.

“ಏನಪ್ಪಾ, ಈ ವರ್ಷ ಏನು ಕಡಿದು ಕಟ್ಟೆ ಹಾಕಿದೀಯ?”

“ನಾವು ಕ್ಲಾಸಿನ ಗೋಡೆಗೆ ಬಣ್ಣ ಹಚ್ಚಿದ್ವಿ ಮೇಡಂ.”

“ನಾವು ಅಂದ್ರೆ ಎಷ್ಟು ಜನ?”

“ನಾನೊಬ್ನೇ ಮೇಡಂ.”

“ಒಬ್ನೇ ಇದ್ಕೊಂಡು ನಾವು ಅಂತೀಯಲ್ಲ, ನೀನೇನು ಮಹಾರಾಜನಾ?”

ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಮೇಡಂ ಮಾತ್ರ ನಗುತ್ತಿರಲಿಲ್ಲ. ಅವರೂ ಅದೇ ಹೈಸ್ಕೂಲಿನಲ್ಲಿ ಓದಿದವರು. ಭೂಮಿ ಅಳೆದು ನಕ್ಷೆ ಬರೆಯುವ ಸರ್ವೇಯರ್ ಆಗಬೇಕು ಅಂತ ಜೀವ ಬಿಡುತ್ತಿದ್ದವರು. ಕಾಲೇಜಿನಲ್ಲಿ “ಏನು ಓದ್ತೀಯಮ್ಮ?” ಎಂದು ಕೇಳಿದ್ದು ಅವರನ್ನು, ಉತ್ತರ ಕೊಟ್ಟಿದ್ದು ಜೊತೆಗೆ ಬಂದಿದ್ದ ಸೋದರಮಾವ. “ಟೀಚರ್ ಆಗ್ತಾಳೆ ಸಾರ್, ಹೆಣ್ಮಕ್ಳಿಗೆ ಅದೇ ಒಳ್ಳೇದು.” ಅವತ್ತು ತಾವು ಹೇಳಬೇಕಿದ್ದ ಉತ್ತರ ಇವತ್ತಿಗೂ ಹೇಳದೇ ಉಳಿದಿದೆ.

“ನಿನ್ನ ಮಾವನ ಮೇಲಿನ ಸಿಟ್ಟಿಗೆ ಯಾರ್ಯಾರದೋ ಮಕ್ಕಳು ಬೈಸ್ಕೋತಾವೆ ಕಣೆ,” ಅಂತ ಗಂಡ ರೇಗಿಸಿದರೆ, “ಬೈಸ್ಕೊಳ್ಳಲಿ ರೀ, ಹಂಗಾದ್ರೂ ಬಾಯಿ ಬರುತ್ತೆ,” ಅನ್ನುವರು.

ಆ ವರ್ಷ ಅವರ ಕಣ್ಣೆಲ್ಲಾ ಇದ್ದದ್ದು ಸ್ಕ್ರೂ ಮೇಲೆ. ಜಡೆಯಲ್ಲಿ ಹೂವಿನ ಬದಲು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವ ಹುಡುಗಿಗೆ ಕ್ಲಾಸಿನವರು ಇನ್ನೇನು ಹೆಸರಿಡುತ್ತಾರೆ! ಸ್ಕೂಲಿನ ಬೆಲ್ಲು ಕೆಟ್ಟು ಕೂತಾಗ, ಒಂದು ಹಳೇ ಗೋಡೆ ಗಡಿಯಾರ, ಗುಜರಿಯಿಂದ ತಂದ ಸ್ಕೂಟರ್ ಹಾರ್ನು, ಒಂದು ಬ್ಯಾಟರಿ ಸೇರಿಸಿ, ಗಂಟೆಗೊಂದು ಸಲ ತಾನೇ ಕೂಗುವ ಬೆಲ್ಲು ಮಾಡಿಟ್ಟಿದ್ದಳು. ಅಂಥವಳು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಸೀಟಿಗೆ ಅದೇ ಬೆಲ್ಲು ಹೊತ್ತುಕೊಂಡು ಇಂಟರ್‌ವ್ಯೂಗೆ ಹೋಗಿ, ಬರಿಗೈಯಲ್ಲಿ ವಾಪಸ್ ಬಂದಳು.

“ಏನಂದೆ ಅಲ್ಲಿ?” ಮೇಡಂ ಸ್ಟಾಫ್ ರೂಮಿನಲ್ಲೇ ಹಿಡಿದು ನಿಲ್ಲಿಸಿದರು.

“ನಾವು ಮಾಡಿದ್ವಿ ಅಂದೆ ಮೇಡಂ.”

“ಅಯ್ಯೋ ನನ್ನ ಕರ್ಮವೇ! ವರ್ಷವಿಡೀ ಬಡ್ಕೊಂಡಿದ್ದು ಕಲ್ಲಿಗಾ?”

“ಬಾಯಿಗೆ ಹಂಗೇ ಬಂದ್ಬಿಡ್ತು. ನಾನು ನಾನು ಅಂದ್ರೆ ಸೊಕ್ಕು ಅಂತಾಳೆ ಅಮ್ಮ. ಅವ್ರು ಎಷ್ಟು ಜನ ಮಾಡಿದ್ರಿ ಅಂತ ಕೇಳಿದ್ರು, ಎಲ್ರೂ ನಕ್ರು, ನನಗೆ ಬಾಯೇ ಬರ್ಲಿಲ್ಲ.”

ನಕ್ಕರಂತೆ! ಮೇಡಂ ಮೂಗಿನ ತುದಿ ಕೆಂಪಾಯಿತು. ಸೀಟು ಇನ್ನೂ ಉಳಿದಿದೆಯಾ ಅಂತ ಫೋನಿನಲ್ಲಿ ವಿಚಾರಿಸಿದರು. ಉಳಿದಿತ್ತು, ನಾಳೆಯ ತನಕ. “ಎತ್ಕೋ ನಿನ್ನ ಬೆಲ್ಲು, ನಡಿ,” ಎಂದು ಅರ್ಧ ದಿನ ರಜೆ ಹಾಕಿ, ಹುಡುಗಿಯನ್ನು ಎಳೆದುಕೊಂಡೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೈಗುಳ. ಅರ್ಧ ಹುಡುಗಿಗೆ, ಅರ್ಧ ಪಾಲಿಟೆಕ್ನಿಕ್ಕಿಗೆ, ಮಧ್ಯೆ ಚಿಲ್ಲರೆ ಕೊಡದ ಕಂಡಕ್ಟರಿಗೂ ಒಂಚೂರು.

ಪ್ರಿನ್ಸಿಪಾಲರ ರೂಮಿನಲ್ಲಿ ಫ್ಯಾನು ಕಿರ್ರ್ ಅನ್ನುತ್ತಿತ್ತು. ಮೊನ್ನೆ ಇಂಟರ್‌ವ್ಯೂ ಮಾಡಿದ್ದ ಅವರು ತಲೆ ಎತ್ತದೆ, “ಮೇಡಂ, ಯಾರೋ ಮಾಡಿಕೊಟ್ಟಿದ್ದನ್ನ ತರೋ ಮಕ್ಕಳು ದಿನಾ ಬರ್ತಾರೆ. ತಾನೇ ಮಾಡಿದ್ದು ಅಂತ ಹೇಳೋಕೂ ಈಕೆಗೆ ಧೈರ್ಯ ಇರ್ಲಿಲ್ಲ,” ಎಂದರು.

ಅಷ್ಟೇ. ಮೇಡಂ ಹೊತ್ತಿಕೊಂಡರು. ನಮ್ಮ ಸ್ಕೂಲು ಅಂದರೆ ನಿಮಗೆ ಸಸಾರವಾ, ದೊಡ್ಡ ಸ್ಕೂಲಿನವರು ಟೈ ಕಟ್ಟಿಕೊಂಡು ಬಂದು ಬಾಯಿಪಾಠ ಒಪ್ಪಿಸಿದರೆ ಬುದ್ಧಿವಂತರಾ, ವಿನಯಕ್ಕೂ ಕಳ್ಳತನಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವಾ ಎಂದು ಉಸಿರು ತೆಗೆದುಕೊಳ್ಳದೆ ದಬಾಯಿಸಿದರು. ಸ್ಕ್ರೂ ಬೆಲ್ಲನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದಳು.

ಪ್ರಿನ್ಸಿಪಾಲರು ಸಾಕಾಗಿ ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು. “ಸರಿನಮ್ಮ, ಹೇಳು. ದೊಡ್ಡ ಮುಳ್ಳು ಹನ್ನೆರಡರ ಮೇಲೆ ಒಂದು ನಿಮಿಷ ಇರುತ್ತಲ್ಲ, ಹಾರ್ನು ಅಷ್ಟು ಹೊತ್ತೂ ಯಾಕೆ ಕೂಗಲ್ಲ?”

“ಬ್ಯಾಟರಿ ಚಿಕ್ಕದು ಸಾರ್, ಸುಸ್ತಾಗುತ್ತೆ!” ಮೇಡಂ ಥಟ್ಟನೆ ಹೇಳಿದರು. “ನಾವೆಲ್ಲಾ ಕಣ್ಣಾರೆ ನೋಡಿದೀವಿ, ಈ ಹುಡುಗಿ ಹಗಲೂ ರಾತ್ರಿ...”

“ಮೇಡಂ, ನೀವು ಸುಮ್ನಿರ್ತೀರಾ!”

ಹಾಗೆ ಅಂದಿದ್ದು ಸ್ಕ್ರೂ. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ.

“ನೀವು ಹೇಳ್ತಿರೋದು ತಪ್ಪು. ಅವ್ರು ಕೇಳಿದ್ದು ನನ್ನ. ಇದನ್ನ ಮಾಡಿದ್ದು ನಾನು.” ಬೆಲ್ಲನ್ನು ಮೇಜಿನ ಮೇಲೆ ಕುಕ್ಕಿದಳು. “ಸಾರ್, ಮೊದಲು ಒಂದು ನಿಮಿಷ ಪೂರ್ತಿ ಕೂಗ್ತಿತ್ತು, ಹೆಡ್‌ಮಾಸ್ಟ್ರು ಕಿವಿ ಮುಚ್ಕೊಂಡು ಓಡಿಬಂದ್ರು. ಆಮೇಲೆ ಸೆಕೆಂಡ್ ಮುಳ್ಳಿಗೂ ಒಂದು ತಂತಿ ಕೊಟ್ಟೆ. ಎರಡೂ ಮುಳ್ಳು ಹನ್ನೆರಡರಲ್ಲಿ ತಂತಿಗೆ ತಾಗಿದ್ರೆ ಮಾತ್ರ ಕರೆಂಟು ಹೋಗುತ್ತೆ. ಸೆಕೆಂಡ್ ಮುಳ್ಳು ದಾಟಿದ ತಕ್ಷಣ ಹಾರ್ನು ಬಂದ್.”

ಪ್ರಿನ್ಸಿಪಾಲರು ಬಗ್ಗಿ ಗಡಿಯಾರದ ಹಿಂಬದಿ ನೋಡಿದರು. ಎರಡೂ ಮುಳ್ಳನ್ನು ಬೆರಳಿನಿಂದ ಹನ್ನೆರಡಕ್ಕೆ ತಿರುಗಿಸಿದರು. ಹಾರ್ನು ‘ಪೀಂ’ ಅಂದಿದ್ದಕ್ಕೆ ಬಾಗಿಲಾಚೆ ಪ್ಯೂನು ಬೆಚ್ಚಿಬಿದ್ದ.

“ಮೊನ್ನೆ ಇದನ್ನೇ ಹೇಳಿದ್ರೆ ಆಗ್ತಿತ್ತಲ್ಲಮ್ಮ?”

“ಮೊನ್ನೆ ನೀವು ಎಷ್ಟು ಜನ ಮಾಡಿದ್ರಿ ಅಂತ ಕೇಳಿದ್ರಿ ಸಾರ್. ಹೇಗೆ ಮಾಡಿದೆ ಅಂತ ಕೇಳ್ಲೇ ಇಲ್ಲ.”

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ನಾಳೆ ಬೆಳಿಗ್ಗೆ ಅಪ್ಪ-ಅಮ್ಮನ್ನ ಕರ್ಕೊಂಡು ಬಾ. ಸೀಟು ನಿನ್ನದು,” ಎಂದರು, ಯಾರ ಮುಖವನ್ನೂ ನೋಡದೆ.

ವರಾಂಡಕ್ಕೆ ಬಂದ ಮೇಲೆ ಮೇಡಂ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. “ಏನೇ, ನನಗೇ ಸುಮ್ನಿರು ಅಂತೀಯಾ?”

“ಸಾರಿ ಮೇಡಂ.”

“ಸಾರಿ ಗೀರಿ ಅಂದ್ರೆ ಕಾಲು ಮುರೀತೀನಿ. ಬ್ಯಾಟರಿಗೆ ಸುಸ್ತಾಗುತ್ತೆ ಅಂತ ನಾನು ಶುರು ಮಾಡಿದಾಗ್ಲೇ ಸುಮ್ನಿರಿ ಅನ್ನಬೇಕಿತ್ತು.”

ಹುಡುಗಿ ಕಿಸಕ್ಕನೆ ನಕ್ಕಳು. ಆದರೆ ಮೇಡಂ ಮೂಗಿನ ತುದಿ ಇನ್ನೂ ಕೆಂಪಾಗೇ ಇತ್ತು.

“ಸೀಟು ಸಿಕ್ತಲ್ಲ ಮೇಡಂ, ಇನ್ನೂ ಯಾಕೆ ಸಿಟ್ಟು?”

“ನಿನಗೇನೋ ಸಿಕ್ತು. ಮೊನ್ನೆ ನಿನ್ನ ಥರಾನೇ ತಲೆ ತಗ್ಗಿಸ್ಕೊಂಡು ಎದ್ದು ಹೋದವರು ಇನ್ನೂ ಇದ್ರಾ?”

ಸ್ಕ್ರೂ ನಗು ನಿಂತಿತು. “ಇದ್ರು ಮೇಡಂ. ಬೇರೆ ಸರ್ಕಾರಿ ಸ್ಕೂಲಿನವರು. ಒಬ್ಬಳು ಬಾತ್‌ರೂಮಲ್ಲಿ ಅಳ್ತಿದ್ಲು.”

“ಅವಳ ಜೊತೆಗೆ ಯಾರು ಬಂದಿದ್ರು?”

“ಯಾರೂ ಇರ್ಲಿಲ್ಲ.”

ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಅವಳು ಯಾವ ಸ್ಕೂಲಿನವಳು ಅಂತ ಜ್ಞಾಪಕ ಇದ್ಯಾ?” ಹುಡುಗಿ ಹೂಂ ಎಂದು ತಲೆಯಾಡಿಸಿದಳು. “ಹಾಗಾದ್ರೆ ಬಾ,” ಎಂದವರೇ, ಬಾಗಿಲು ತಟ್ಟುವ ಗೋಜಿಗೂ ಹೋಗದೆ ಪ್ರಿನ್ಸಿಪಾಲರ ರೂಮಿನೊಳಕ್ಕೆ ಮತ್ತೆ ನುಗ್ಗಿದರು.