ಜಲಜಕ್ಕನ ಗೋಬರ್ ಗ್ಯಾಸ್

ಜಲಜಕ್ಕ ಯಾರ ಜೊತೆ ಮಾತಾಡುವಾಗಲೂ ಬಲಗೈಯನ್ನು ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಮೊಣಕೈವರೆಗೆ ಸಗಣಿ. ತೋಡಾರಿನ ನಮ್ಮ ಮನೆಗೂ ಅವರ ದನದ ಹಟ್ಟಿಗೂ ನಡುವೆ ಒಂದು ಪಾಗಾರದ ಗೋಡೆಯಷ್ಟೆ. ಆ ಕೈಯನ್ನು ನಾನು ಅವರ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ.

ಬೆಳಗಾದರೆ ಸಗಣಿ, ನೀರು ಸಮಸಮ ಕಲಕಿ, ಹುಲ್ಲುಕಡ್ಡಿ ಹೆಕ್ಕಿ ತೆಗೆದು ಗೋಬರ್ ಗ್ಯಾಸಿನ ಟ್ಯಾಂಕಿಗೆ ಬಿಡಬೇಕು. "ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಇದಕ್ಕೆ ಕೋಪ ಬರ್ತದೆ ಮಾರಾಯ್ತಿ, ನಮ್ಮ ಇವರ ಹಾಗೆ" ಎಂದು ನಗುತ್ತಿದ್ದರು. 'ಇವರು' ಅಂದರೆ ಗಂಡ ಶೀನಣ್ಣ. ಬಂದವರಿಗೆಲ್ಲ ಒಲೆಯ ನೀಲಿ ಉರಿ ತೋರಿಸಿ, "ಸಗಣಿಯಿಂದಲೇ ಮೂರು ಹೊತ್ತಿನ ಅಡಿಗೆ! ಈ ಮನೆಗೆ ಸಿಲಿಂಡರ್ ಬರಲಿಕ್ಕಿಲ್ಲ" ಎಂದು ಎದೆಯುಬ್ಬಿಸುವುದು ಅವರ ಕೆಲಸ. ಸಗಣಿ ಮುಟ್ಟುವುದು ಮಾತ್ರ ಅವರ ಕೆಲಸವಲ್ಲ.

ಜಲಜಕ್ಕನಿಗಿದ್ದದ್ದು ಒಂದೇ ಆಸೆ: ಮುಂಡಾಜೆಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ನಿಲ್ಲಬೇಕು. ಯಾವಾಗ ಹೋದರೂ ಸಂಜೆಯ ಬಸ್ಸಿಗೆ ವಾಪಸ್. ಒಮ್ಮೆ ನಾನೇ, "ಹೋಗಿ ಬನ್ನಿ, ಟ್ಯಾಂಕಿ ನಾನು ನೋಡಿಕೊಳ್ತೇನೆ" ಎಂದು ಒತ್ತಾಯಿಸಿ ಕಳಿಸಿದೆ. ನನ್ನ ಬುದ್ಧಿಗಿಷ್ಟು! ಅವರು ಬರುವಾಗ ಹಟ್ಟಿ ಫಳಫಳ ಹೊಳೆಯಲಿ ಎಂದು ಫಿನಾಯಿಲ್ ಸುರಿದು ತೊಳೆದೆ. ಆ ನೀರಲ್ಲೇ ಸಗಣಿ ಕಲಕಿ ಬಿಟ್ಟೆ. ಮರುದಿನ ಉರಿ ಕುಗ್ಗಿತು, ಅದರ ಮರುದಿನ ಆರಿತು. ಗ್ಯಾಸ್ ಹುಟ್ಟಿಸುವ ಜೀವಾಣುಗಳೆಲ್ಲ ಫಿನಾಯಿಲಿಗೆ ಸತ್ತಿದ್ದವು.

ಶೀನಣ್ಣ ಫೋನ್ ಮಾಡಿದರು. ಜಲಜಕ್ಕ ಸಿಕ್ಕಿದ ಬಸ್ಸಿಗೆ ಬಂದು, ಸೀರೆಯನ್ನೂ ಬದಲಿಸದೆ ಟ್ಯಾಂಕಿ ಖಾಲಿ ಮಾಡಲು ನಿಂತರು. ನನಗೆ ಬೈಯಲಿಲ್ಲ. "ನಾನು ಹೋಗಲೇಬಾರದಿತ್ತು" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮತ್ತೆ ಅವರು ಎಲ್ಲಿಯೂ ಉಳಿಯಲಿಲ್ಲ. ಅಕ್ಕ ಹಾಸಿಗೆ ಹಿಡಿದಾಗಲೂ, "ಇಲ್ಲಿ ಟ್ಯಾಂಕಿ ಉಂಟಲ್ಲ, ಯಾರು ನೋಡ್ತಾರೆ?" ಎಂದರು. ನಾನು ನೋಡುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಶೀನಣ್ಣ ತಲೆ ಎತ್ತಲಿಲ್ಲ. ಜಲಜಕ್ಕ ಎರಡು ಸಲ ಬೆಳಿಗ್ಗೆ ಹೋಗಿ ಸಂಜೆ ಬಂದರು. ಮೂರನೆಯ ಸಲ ಹೊರಡುವ ಮೊದಲೇ ಅಕ್ಕ ತೀರಿಕೊಂಡರು.

ಆಮೇಲೆ ಜಲಜಕ್ಕನ ಗಂಟುನೋವು ಜೋರಾಯಿತು. ಹಸುಗಳನ್ನು ಕೊಟ್ಟುಬಿಟ್ಟರು, ಟ್ಯಾಂಕಿ ಒಣಗಿತು. ನಾವು ಬಂಟ್ವಾಳಕ್ಕೆ ಮನೆ ಬದಲಿಸುವ ದಿನ ಹೇಳಿ ಬರಲು ಹೋದಾಗ ಅವರು ಅಡಿಗೆಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದರು. ಅದೇ ಕೊನೆಯ ಭೇಟಿಯೆಂದು ನನಗೇನು ಗೊತ್ತು?

"ಈಗ ಬಿಡುವು ಉಂಟಲ್ಲ ಜಲಜಕ್ಕ, ನಾಲ್ಕು ದಿನ ಎಲ್ಲಿಗಾದರೂ ಹೋಗುವ" ಎಂದೆ.

"ಹೋಗುವ" ಎಂದರು. ಆಮೇಲೆ ಕೇಳಿದರು, "ಯಾರ ಮನೆಗೆ?"